ಎರಡು ಅಂಗಿ ತೊಟ್ಟ ಸಿಪಾಯಿ

"ಥೂ! ಎಂಜ್ಲು ಅಚ್ತಾವ್ಳೆ ಕಣವ್ವ! ನನ್ ಗಂಡನ್ ಬೊಂಬೆಗೆ ಎಂಜ್ಲು ಅಚ್ತಾವ್ಳೆ ಇವ್ಳು!"

ಮರಿತಾಯಮ್ಮ ಎದ್ದ ರಭಸಕ್ಕೆ ಪ್ಲಾಸ್ಟಿಕ್ ಕುರ್ಚಿ ಹಿಂದಕ್ಕೆ ಮಗುಚಿಕೊಂಡಿತು.

ವನಜಾ ತಲೆಯೆತ್ತಲಿಲ್ಲ. ಕಡ್ಡಿಯ ತುದಿಗೆ ಸುತ್ತಿದ್ದ ಹತ್ತಿಯನ್ನು ನಾಲಿಗೆಗೆ ತಾಗಿಸಿ, ಎಡಗೈಲಿ ಹಿಡಿದಿದ್ದ ಬೆರಳುದ್ದದ ಸೀಸದ ಸಿಪಾಯಿಯ ಬೆನ್ನ ಮೇಲೆ ಉರುಳಿಸಿದರು. ಉಜ್ಜಲಿಲ್ಲ, ಉರುಳಿಸಿದರು. ಹತ್ತಿ ಕಪ್ಪಾಯಿತು. ಆ ಕಡ್ಡಿಯನ್ನು ಪಕ್ಕದ ಕಾಗದದ ಮೇಲೆ ಸಾಲಿಗಿಟ್ಟು ಹೊಸದನ್ನು ತೆಗೆದುಕೊಂಡರು.

"ಸೀಸ ವಿಷ. ಅದಕ್ಕೆ ತಾಗಿದ ಹತ್ತಿ ಮತ್ತೆ ಬಾಯಿಗೆ ಬರಂಗಿಲ್ಲ," ಎಂದರು, ತರಗತಿಯಲ್ಲಿ ಪಾಠ ಹೇಳುವ ಗತ್ತಿನಲ್ಲಿ. "ಕೂತ್ಕಳಿ ಅಜ್ಜಿ. ಎಂಜಲಿನಂಥ ಸೋಪು ಭೂಮಿ ಮೇಲಿಲ್ಲ. ಬಣ್ಣ ಮುಟ್ಟಲ್ಲ, ಕೊಳೆ ಮಾತ್ರ ತಿಂತದೆ. ದೊಡ್ಡ ದೊಡ್ಡ ಮ್ಯೂಸಿಯಮ್ಮಲ್ಲೂ ಇದನ್ನೇ ಮಾಡೋದು. ನಿಮ್ಮ ಮಕ್ಕಳ ಕೆನ್ನೆಗೆ ಮಸಿ ಅಂಟಿದ್ರೆ ನೀವೇನ್ ಮಾಡ್ತಿದ್ರಿ, ಹೇಳಿ?"

ಮರಿತಾಯಮ್ಮನ ಕೈ ತನ್ನ ಸೆರಗಿಗೆ ಹೋಯಿತು. ಸೆರಗಿನ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಮಗುವಿನ ಕೆನ್ನೆ ಒರೆಸದ ತಾಯಿ ಮಳವಳ್ಳಿಯಲ್ಲಾಗಲಿ ಮದ್ದೂರಿನಲ್ಲಾಗಲಿ ಯಾರಿದ್ದಾರೆ?

"ಮಕ್ಳು ಬ್ಯಾರೆ, ಮಿಲಿಟ್ರಿಯೋರು ಬ್ಯಾರೆ," ಎಂದು ಗೊಣಗಿ, ಕುರ್ಚಿ ಎತ್ತಿ ಇಟ್ಟುಕೊಂಡು ಕೂತರು.

ಸಬ್ ಇನ್ಸ್‌ಪೆಕ್ಟರ್ ಅರ್ಪಿತ ನಗು ನುಂಗಿಕೊಂಡಳು. ನಗುವ ಹೊತ್ತಲ್ಲ. ಹೊರಗೆ ಜೀಪು ನಿಂತಿತ್ತು. ಸಂಜೆಯೊಳಗೆ ವನಜಾರನ್ನು ಅದರಲ್ಲಿ ಕೂರಿಸಿಕೊಂಡು ಬರಬೇಕೆಂದು ಠಾಣೆಯ ಸಾಹೇಬರ ಆಜ್ಞೆಯಾಗಿತ್ತು.

ಮರಿತಾಯಮ್ಮನ ಗಂಡ ಸುಬೇದಾರ್ ಮುದ್ದಯ್ಯ ತೀರಿಕೊಂಡಿದ್ದರು. ಅವರು ಸೇನೆಯಲ್ಲಿದ್ದಷ್ಟು ಕಾಲವೂ ಊರೂರು ಅಲೆದು ಕೂಡಿಸಿದ ಸೀಸದ ಸಿಪಾಯಿಗಳ ದಂಡು ಮಳವಳ್ಳಿಯ ಮನೆಯ ಗಾಜಿನ ಬೀರುವಿನಲ್ಲಿ ನಿಂತಿತ್ತು. ಮೈಮೇಲೆ ಬಿಳಿ ಹುಡಿ ಏಳತೊಡಗಿತೆಂದು ಮರಿತಾಯಮ್ಮ ಇಡೀ ದಂಡನ್ನು ಶುಚಿ ಮಾಡಲು ಮದ್ದೂರಿನ ವನಜಾಗೆ ಕಳಿಸಿದ್ದರು. ದಂಡು ಮನೆಗೆ ಮರಳಿತು. ಆದರೆ ಎಲ್ಲರ ಮುಂದೆ ಕತ್ತಿ ಹಿರಿದು ನಿಲ್ಲುತ್ತಿದ್ದ ಹಸಿರಂಗಿಯ ದಂಡನಾಯಕ, ರಿಸಾಲ್ದಾರ, ಮರಳಲಿಲ್ಲ. ಅವನ ಜಾಗದಲ್ಲಿ ಅವನಂತೆಯೇ ಕಾಣುವ ಇನ್ನೊಬ್ಬ ನಿಂತಿದ್ದ.

ಅದನ್ನು ಕಂಡುಹಿಡಿದವರು ಮರಿತಾಯಮ್ಮನೇ. ಕಣ್ಣಿನಿಂದಲ್ಲ, ಕೈಯಿಂದ. "ನಮ್ಮೋನು ಅಗೂರ, ಒಳಗೆ ಟೊಳ್ಳು. ಮದ್ವೆ ಆದಾಗಿಂದ ಧೂಳು ಒರ್ಸಿವ್ನಿ, ನಂಗೊತ್ತಿಲ್ವಾ? ಇವ್ನು ಮುದ್ದೆ ಮೇಲ್ ಮುದ್ದೆ ತಿಂದ್ ಕೂತವ್ನೆ," ಎಂದು ಠಾಣೆಯ ಮೇಜಿನ ಮೇಲೆ ಅವನನ್ನು ಟಪ್ಪನೆ ಇಟ್ಟಿದ್ದರು.

ಅಸಲಿ ಸಿಪಾಯಿಗಾಗಿ ಬಾಯಿ ಬಿಟ್ಟುಕೊಂಡು ಕಾಯುತ್ತಿರುವ ಸಂಗ್ರಹಕಾರರು ಎಷ್ಟೋ ಮಂದಿ. ಸಾಹೇಬರು ಕಾಫಿ ಕುಡಿದು ಮುಗಿಸುವುದರೊಳಗೆ ಪತ್ತೇದಾರಿಕೆಯನ್ನೂ ಮುಗಿಸಿದ್ದರು. "ಅವಳ ಹತ್ರ ಅಸಲಿ ಹೋಯ್ತು, ನಕಲಿ ಬಂತು. ಇನ್ನೇನ್ರೀ ಬೇಕು?" ಅರ್ಪಿತಳಿಗೆ ಅಷ್ಟು ಸಾಲಲಿಲ್ಲ; ನಕಲಿಯನ್ನು ವನಜಾರ ಕೈಯಲ್ಲೇ ಬಿಚ್ಚಿಸಿ ನೋಡಲು ತಂದಿದ್ದಳು.

ಒಬ್ಬಳನ್ನು ಕಳ್ಳಿ ಎಂದು ಕರೆಯಲು ಇಷ್ಟೇ ಸಾಕು ಈ ಜಿಲ್ಲೆಯಲ್ಲಿ. ಸುದ್ದಿ ಮಂಡ್ಯ ಮುಟ್ಟಿತ್ತು, ಬೆಂಗಳೂರು ಮುಟ್ಟಿತ್ತು. ವನಜಾರ ಗೋಡೆಯ ಕಪಾಟುಗಳಲ್ಲಿ ಅಲ್ಲಲ್ಲಿ ಖಾಲಿ ಜಾಗ. ಧೂಳಿನ ನಡುವೆ ಪುಟ್ಟ ಪುಟ್ಟ ಪಾದಗಳ ಗುರುತು. ಗಿರಾಕಿಗಳು ಬಂದು ತಮ್ಮ ತಮ್ಮ ಸಿಪಾಯಿಗಳನ್ನು ಎತ್ತಿಕೊಂಡು ಹೋಗಿದ್ದರು. ಅರ್ಧ ಬಣ್ಣ ಒಣಗಿದ್ದವರನ್ನೂ ಬಿಟ್ಟಿರಲಿಲ್ಲ.

"ವನಜಮ್ಮ, ಏನಾದ್ರೂ ಸಿಕ್ತಾ?" ಎಂದಳು ಅರ್ಪಿತ. ಅವಳ ಫೋನು ಪುಸ್ತಕಗಳ ಆಸರೆಗೆ ಒರಗಿ ನಿಂತು ಎಲ್ಲವನ್ನೂ ವಿಡಿಯೋ ಮಾಡುತ್ತಿತ್ತು. ಸಾಕ್ಷಿಯ ಚೀಲದ ಸೀಲು ಒಡೆದದ್ದೂ ಅದರಲ್ಲಿತ್ತು.

"ಸಿಕ್ತು. ಈ ಮಸಿ ನೋಡಿ." ವನಜಾ ಹತ್ತಿಕಡ್ಡಿಗಳ ಸಾಲನ್ನು ತೋರಿಸಿದರು. ಒಂದಕ್ಕಿಂತ ಒಂದು ಕಪ್ಪು. "ನಾನು ತೊಳೆದು ಕಳಿಸಿದ ರಿಸಾಲ್ದಾರನ ಮಡಿಕೆ ಮಡಿಕೇಲೂ ಕೊಳೆ ಇರಲಿಲ್ಲ. ನನ್ನ ಕೈಯಿಂದ ಹೋದೋನು ಕೊಳಕಾಗಿ ಹೋಗಲ್ಲ. ಇವನ ಬೆನ್ನಿಗೆ ಯಾರೋ ದೀಪದ ಮಸಿ ಎಣ್ಣೇಲಿ ಕಲಸಿ ತುಂಬವ್ರೆ, ಹಳಬ ಅಂತ ಕಾಣ್ಲಿ ಅಂತ. ಹಳೇ ಕೊಳೆ ಇಷ್ಟು ಬೇಗ ಬರಲ್ಲ, ಸತಾಯಿಸ್ತದೆ. ಇದು ಕರೆದ ಕೂಡ್ಲೆ ಬಂತು."

ಅರ್ಪಿತಳ ತಲೆಯಲ್ಲಿ ಏನೋ ಟಕ್ಕೆಂದಿತು. ನಕಲಿಯನ್ನು ತಯಾರು ಮಾಡಿದವನು ರಿಸಾಲ್ದಾರನನ್ನು ತೊಳೆಯುವ ಮುಂಚೆ ನೋಡಿದ್ದ. ತೊಳೆದ ಮೇಲೆ ನೋಡಿರಲಿಲ್ಲ. ವನಜಾಳೇ ಕಳ್ಳಿಯಾಗಿದ್ದರೆ ತಾನು ತೊಳೆದದ್ದನ್ನು ತಾನೇ ಮರೆಯುತ್ತಿದ್ದಳೇ?

"ಅವರೇ ಬೇಕಂತ ಹಾಗೆ ಮಾಡಿರಬಹುದಲ್ವಾ ಮೇಡಂ?"

ಬಾಗಿಲ ಬಳಿ ನಿಂತಿದ್ದ ಶಶಿಧರ್ ಕೇಳಿದ್ದು ಮೆಲ್ಲಗೇ. ಗೆಜ್ಜಲಗೆರೆಯಲ್ಲಿ ಸಣ್ಣದೊಂದು ಕಾರ್ಖಾನೆ ಇಟ್ಟುಕೊಂಡಿರುವವನು, ತಾನೂ ಸಿಪಾಯಿಗಳನ್ನು ಕೂಡಿಸುವ ಹುಚ್ಚಿನವನು. ದಂಡನ್ನು ವನಜಾಗೆ ಕೊಡಿ ಎಂದು ಸಲಹೆ ಕೊಟ್ಟವನು ಇವನೇ. ಮಳವಳ್ಳಿಯಿಂದ ಮದ್ದೂರಿಗೆ, ಮದ್ದೂರಿನಿಂದ ಮಳವಳ್ಳಿಗೆ ಪೆಟ್ಟಿಗೆ ಹೊತ್ತು ತಂದದ್ದು ಇವನ ಕಾರೇ. ಅರ್ಪಿತ ಅವನನ್ನು ಕರೆಸಿಕೊಂಡದ್ದು ಸಾಕ್ಷಿಯೆಂದು. ಅದು ಅವನಿಗೆ ಹೇಳಿದ ಮಾತು.

"ಏನ್ ಶಶಿಧರ್, ನಿನ್ ತಲೆ ಈಗ ಬಾಳ ಓಡ್ತದಲ್ಲ?" ವನಜಾ ತಿರುಗಿ ನೋಡದೆಯೇ ಅಂದರು. "ನನ್ನ ಹತ್ರ ಬಂದು, ಮೇಡಂ ಬ್ರಶ್ ಹಿಡಿಯೋದು ಹೇಳ್ಕೊಡಿ ಅಂತ ಗೋಗರೆದಾಗ ಇಷ್ಟು ಓಡಿದ್ರೆ ಇಷ್ಟೊತ್ಗೆ ಒಂದು ಕುದುರೆಗೆ ನೆಟ್ಟಗೆ ಬಾಲ ಬಿಡಿಸ್ತಿದ್ದೆ ಕಣಪ್ಪ."

ಮರಿತಾಯಮ್ಮ ಕಿಸಕ್ಕೆಂದು ನಕ್ಕರು. ತಾನು ಯಾರ ಮೇಲೆ ದೂರು ಕೊಟ್ಟಿದ್ದೇನೋ ಅವಳ ಮಾತಿಗೇ ನಕ್ಕೆ ಎಂದು ನೆನಪಾಗಿ ಮೂತಿ ಬಿಗಿದುಕೊಂಡರು.

ವನಜಾ ಮುಖಕ್ಕೆ ಮುಸುಕು ಕಟ್ಟಿಕೊಂಡರು. ಕನ್ನಡಕದ ಮೇಲೆ ಇನ್ನೊಂದು ದಪ್ಪ ಗಾಜನ್ನು ಇಳಿಸಿಕೊಂಡರು. ಕಿಟಕಿ ಪೂರ್ತಿ ತೆರೆದು ಥಿನ್ನರ್ ಸೀಸೆಯ ಬಿರಡೆ ತೆಗೆದರು.

"ಈಗ ಬಣ್ಣ ತೆಗೀತೀನಿ. ಬೇಕಾದ್ರೆ ಈಗ್ಲೇ ಬೇಡ ಅನ್ನಿ."

"ತೆಗೀರಿ," ಎಂದಳು ಅರ್ಪಿತ.

ಆಮೇಲೆ ನಡೆದದ್ದನ್ನು ನೋಡಲು ಪುಣ್ಯ ಬೇಕು. ಅರ್ಪಿತ ಪೊಲೀಸು ಕೆಲಸಕ್ಕೆ ಸೇರಿದ ಮೇಲೆ ಎಷ್ಟೋ ಕೈಗಳನ್ನು ನೋಡಿದ್ದಳು. ನಡುಗುವ ಕೈ, ಮುಗಿಯುವ ಕೈ, ಮುಷ್ಟಿ ಕಟ್ಟುವ ಕೈ. ಇಂಥ ಕೈಗಳನ್ನು ನೋಡಿರಲಿಲ್ಲ. ಜೈಲಿಗೆ ಹೋಗುವ ದಾರಿಯಲ್ಲಿ ನಿಂತಿರುವ ಹೆಂಗಸಿನ ಕೈಗಳಲ್ಲ ಅವು. ಕತ್ತಿಯ ಹಿಡಿಕೆಯ ಬುಡದಲ್ಲಿ ಹತ್ತಿಯನ್ನು ಊರಿ, ಉಸಿರು ಹಿಡಿದು, ಬಣ್ಣ ಇನ್ನೇನು ಕರಗಬೇಕು ಎನ್ನುವ ಕ್ಷಣಕ್ಕೆ ಎತ್ತಿಬಿಡುತ್ತಿದ್ದರು. ಒಂದು ಚೂರು ಮುಂಚೆ ಎತ್ತಿದರೆ ಬಣ್ಣ ಬರುವುದಿಲ್ಲ. ಒಂದು ಚೂರು ತಡವಾದರೆ ಒಳಗಿನದೂ ಬಂದುಬಿಡುತ್ತದೆ. ಆ ಚೂರು ಎಲ್ಲಿದೆ ಎಂದು ಬೆರಳಿಗೆ ಗೊತ್ತಿತ್ತು.

ವನಜಾ ಬಸರಾಳಿನವರು. ಅಲ್ಲಿನ ಗುಡಿಯ ಗೋಡೆಯ ಮೇಲೆ ಹೆಬ್ಬೆರಳಷ್ಟೇ ಇರುವ ಕಲ್ಲಿನ ಕಾಲಾಳುಗಳ ಸಾಲನ್ನು ನೋಡುತ್ತ ಬೆಳೆದವರು. ಮುಂದೆ ಕಾಲೇಜಿನಲ್ಲಿ ಚಿತ್ರಕಲೆ ಪಾಠ ಮಾಡಿದರು. ಪುಣೆಗೆ ಹೋಗಿ ಈ ವಿದ್ಯೆ ಕಲಿತರು. ವಿನಯ ಗಿನಯ ಅವರ ಹತ್ತಿರ ಸುಳಿಯುವುದಿಲ್ಲ. "ಇಡೀ ದಕ್ಷಿಣದಲ್ಲಿ ನನ್ನಂಗೆ ಮಾಡೋರು ಇನ್ನೊಬ್ಬರಿಲ್ಲ," ಎಂದು ಬಂದವರಿಗೆಲ್ಲ ಹೇಳುತ್ತಾರೆ. ಕೇಳಿದರೆ ಮೈ ಉರಿಯುತ್ತದೆ. ಕೆಲಸ ನೋಡಿದ ಮೇಲೆ ಉರಿ ಆರುತ್ತದೆ.

"ಮೇಡಂ, ಇಲ್ಲಿ ಬಗ್ಗಿ."

ಅರ್ಪಿತ ಬಗ್ಗಿದಳು. ಹಸಿರು ಅಂಗಿಯ ತೋಳು ಕರಗಿದ ಕಡೆ ಸೀಸ ಕಾಣಲಿಲ್ಲ. ನೀಲಿ ಕಂಡಿತು. ಮೋಡವಿಲ್ಲದ ದಿನದ ಆಕಾಶದಂಥ ನೀಲಿ.

"ಒಳಗೆ ಇನ್ನೊಂದು ಅಂಗಿ ಅದೆ," ಎಂದರು ವನಜಾ. ದನಿಯಲ್ಲಿ ಬೇಟೆಯ ಹುರುಪು. "ಮೇಲಿನ ಹಸಿರು ಮೊನ್ನೆ ಮೊನ್ನೆದು, ಇನ್ನೂ ಎಳೇದು, ಥಿನ್ನರ್ ಮುಟ್ಟಿದ್ರೆ ಸಾಕು ಅಳ್ತದೆ. ಒಳಗಿನ ನೀಲಿ ವರ್ಷಗಟ್ಟಲೆ ಒಣಗಿರೋದು, ಜಗ್ಗಲ್ಲ. ಇವನು ನೀಲಿ ಅಂಗೀಲಿ ಎಲ್ಲೋ ಬಾಳಿ ಬದುಕಿದ್ದ. ಆಮೇಲೆ ಯಾರೋ ಹಸಿರು ಅಂಗಿ ತೊಡಿಸವ್ರೆ."

"ಮತ್ತೆ ಈ ಹಳದಿ?"

ಕತ್ತಿಯ ಹಿಡಿಕೆಯ ಸಂದಿಯಿಂದ ಬಂದ ಹತ್ತಿಯ ಅಂಚಿನಲ್ಲಿ ಹಳದಿ ಗೆರೆಯೊಂದು ಹಬ್ಬುತ್ತಿತ್ತು.

"ಹಿತ್ತಾಳೆ ಕಲರ್ ಮೇಡಂ, ಹಿಡಿಕೆಗೆ ಬಳೀತಾರೆ," ಎಂದ ಶಶಿಧರ್. ಬೇಗ ಎಂದ. ಕೇಳದೆಯೇ ಎಂದ.

ವನಜಾ ಎದ್ದು ಮೂಲೆಯ ನಲ್ಲಿಯ ಹತ್ತಿರ ಹೋಗಿ ಬಟ್ಟೆ ಸೋಪನ್ನು ನೀರಲ್ಲಿ ಕದಡಿ ತಂದರು. ಆ ಹಳದಿ ಗೆರೆಯ ಮೇಲೆ ಒಂದು ಹನಿ ಬಿಟ್ಟರು.

ಗೆರೆ ಕೆಂಪಾಯಿತು.

"ಅರ್ಸಿಣ!" ಮರಿತಾಯಮ್ಮ ಕೂಗಿಬಿಟ್ಟರು. "ಅರ್ಸಿಣ ಕಣವ್ವ ಅದು! ಸೋಪ್ ಬಿದ್ರೆ ಕೆಂಪ್ಗಾಯ್ತದಲ್ಲ, ಸೀರೆ ಮ್ಯಾಲಿನ್ ಕಲೆ!"

ಬೇರೆ ಯಾವ ಪರೀಕ್ಷೆಯೂ ಬೇಕಿರಲಿಲ್ಲ. ಅರಿಶಿನಕ್ಕೆ ಸುಣ್ಣ ಹಾಕಿ ಆರತಿ ನೀರು ಕದಡಿದ ಯಾವ ಹೆಣ್ಣುಮಗಳಿಗೂ ಆ ಕೆಂಪು ಗೊತ್ತು. ಅರ್ಪಿತ ಚಿಕ್ಕವಳಿದ್ದಾಗ ಎಷ್ಟು ತಟ್ಟೆ ಕದಡಿದ್ದಳೋ.

ಸೀಸದ ಸಿಪಾಯಿಯ ಕತ್ತಿಗೆ ಅರಿಶಿನ ಯಾಕೆ ಬರುತ್ತದೆ? ಇನ್ನು ಯಾಕೆ? ಆಯುಧಪೂಜೆ! ಅವಳ ತವರಿನಲ್ಲಿ ಆ ದಿನ ಮಚ್ಚು, ಕುಡುಗೋಲು, ಟ್ರ್ಯಾಕ್ಟರು ಮುಗಿದ ಮೇಲೆ ಮಿಕ್ಸಿಗೂ ಇಡುತ್ತಿದ್ದರು, ಹೊಲಿಗೆ ಮಿಷನ್ನಿಗೂ ಇಡುತ್ತಿದ್ದರು. ಕತ್ತಿ ಹಿಡಿದು ನಿಂತವನನ್ನು ಬಿಡುತ್ತಾರೆಯೇ? ಗೊಂಬೆಯ ಕತ್ತಿಯೂ ಕತ್ತಿಯೇ. ಯಾರೋ ಭಕ್ತಿಯಿಂದ, ವರ್ಷ ವರ್ಷವೂ, ಕಡ್ಡಿಯ ತುದಿಯಲ್ಲಿ ಅರಿಶಿನ ಅದ್ದಿ ಆ ಪುಟಾಣಿ ಹಿಡಿಕೆಗೆ ಇಟ್ಟಿದ್ದಾರೆ. ಅವನಿಗೆ ಹಸಿರು ಬಳಿದವನು ತೊಳೆದಿದ್ದಾನೆ, ಒರೆಸಿದ್ದಾನೆ, ಆದರೆ ಸಂದಿಯೊಳಗಿನ ಪೂಜೆಯನ್ನು ತೊಳೆಯಲಾಗಿಲ್ಲ.

"ಅಜ್ಜಿ, ನಿಮ್ಮ ಮನೇಲಿ ಆಯುಧಪೂಜೆಗೆ ಈ ಸಿಪಾಯಿಗಳಿಗೆ..."

"ಇಲ್ಲ ಕಣವ್ವ." ಮರಿತಾಯಮ್ಮ ಸೆಟೆದು ಕೂತರು. "ನಮ್ಮನೇಲಿ ಅದಿಲ್ಲ. ನಮ್ಮೆಜಮಾನ್ರು ಮಿಲ್ಟ್ರಿ ಬುಟ್ ಬಂದೇಟ್ಗೆ ಬುದ್ಧನ್ ದೀಕ್ಸೆ ತಗಂಡ್ರು. ಊರೋರು ಕೇಳುದ್ರು, ಏನ್ ಮುದ್ದಯ್ಯ, ಮಿಲ್ಟ್ರಿಯೋನಾಗಿ ಆಯ್ಧಕ್ಕೆ ಪೂಜೆ ಮಾಡಲ್ವಲ್ಲ ಅಂತ. ಅದ್ಕೆ ಅವ್ರೇನಂದ್ರು ಗೊತ್ತಾ? ಬಂದೂಕ ಇಡ್ದೋನು ನಾನು, ಅದು ಏನ್ ಮಾಡ್ತದೆ ಅಂತ ನಂಗೊತ್ತು, ಅದುಕ್ ಕೈ ಮುಗಿಯಕಿಲ್ಲ, ಅಂದ್ರು. ಅವತ್ತಿಂದ ನಮ್ಮನೇಲಿ ಒಂದ್ ಕುಡ್ಲಿಗೂ ಕುಂಕ್ಮ ಇಟ್ಟಿಲ್ಲ."

ಫೋಟೋದಲ್ಲಿ ಮಾತ್ರ ನೋಡಿದ್ದ ಆ ಗಿರಿಜಾ ಮೀಸೆಯ ಸುಬೇದಾರನಿಗೆ ಅರ್ಪಿತ ಮನಸ್ಸಿನಲ್ಲೇ ಒಂದು ಸಲ್ಯೂಟು ಹೊಡೆದಳು.

ಹೊಡೆದು, ಶಶಿಧರನ ಕಡೆ ತಿರುಗಿದಳು.

"ನಿಮ್ಮ ಮನೇಲಿ?"

"ನಮ್ಮನೇಲಿ ಏನು ಮೇಡಂ?"

"ಆಯುಧಪೂಜೆ."

"ಮಾಡ್ತೀವಿ. ಕಾರಿಗೆ, ಬೈಕಿಗೆ, ಫ್ಯಾಕ್ಟರಿ ಮಿಷನ್‌ಗೆ." ಅವನು ಗೋಡೆಗೆ ಒರಗಿದ. ನಗಲು ನೋಡಿದ. "ಅರಿಶಿನ ಯಾರ ಮನೇಲಿಲ್ಲ ಮೇಡಂ? ನಿಮ್ಮ ಸ್ಟೇಷನ್ನಲ್ಲಿ ಬಂದೂಕಿಗೆಲ್ಲ ಇಟ್ಟು ಪುರಿ ಹಂಚ್ತೀರಲ್ಲ, ನಾನೇ ಬಂದು ತಿಂದಿದೀನಿ. ಇವರ ಬ್ರಶ್ ಡಬ್ಬಿ ನೋಡಿ, ಇವರೂ ಇಟ್ಟಿದಾರೆ."

ನಿಜ. ಬ್ರಶ್ಶುಗಳ ತಗಡಿನ ಡಬ್ಬಿಯ ಮೇಲೆ ಹಳೆಯ ಕುಂಕುಮದ ಬೊಟ್ಟು ಮಂಕಾಗಿ ಕೂತಿತ್ತು.

"ಡಬ್ಬಿಗೆ ಇಟ್ಟಿವ್ನಿ. ಬ್ರಶ್ಶಿಗೆ ಇಡ್ತಾರಾ ಯಾರಾದ್ರೂ? ಕೂದ್ಲು ಹಾಳಾಯ್ತದೆ," ಎಂದು ವನಜಾ ಗುಡುಗಿದರು. "ಮುಂದೆ ಯಾವಳೋ ಬಂದು ನನ್ನ ಕೆಲಸ ಇಷ್ಟ ಆಗಲಿಲ್ಲ ಅಂದ್ರೆ, ನಾನು ಹಚ್ಚಿದ್ದು ಮಾತ್ರ ಒರೆಸಿ ಹಾಕಂಗಿರಬೇಕು, ಹಳೇದು ಹಂಗೇ ಉಳೀಬೇಕು. ಅದು ನನ್ನ ನೇಮ. ಬೊಂಬೆಗೆ ಅರಿಶಿನ ಮೆತ್ತೋಳಲ್ಲ ನಾನು!"

ಒಂದು ಮನೆ ಲೆಕ್ಕದಿಂದ ಹೊರಗೆ ಹೋಯಿತು, ಉಳಿದ ಊರೆಲ್ಲ ಒಳಗೇ ಉಳಿಯಿತು. ಅರ್ಪಿತ ಹಲ್ಲು ಕಚ್ಚಿದಳು. ಇಷ್ಟು ಹಿಡಿದುಕೊಂಡು ಹೋದರೆ ಸಾಹೇಬರು ನಕ್ಕು ಬಿಡುತ್ತಾರೆ.

ವನಜಾ ಅಷ್ಟರಲ್ಲಿ ಹೊಸ ಹತ್ತಿ ಸುತ್ತಿದ್ದರು. ಅಂಗಿಯಿಂದ ಮೇಲೆ, ಕತ್ತಿನ ಹತ್ತಿರ, ಮುಖದ ಕಡೆಗೆ ಕೈ ಹೋಗುತ್ತಿತ್ತು.

"ಸಾಕು ನಿಲ್ಸಿ!"

ಶಶಿಧರ್ ಗೋಡೆ ಬಿಟ್ಟು ಬಂದಿದ್ದ. "ಇದು ಎವಿಡೆನ್ಸು ಮೇಡಂ! ಆರೋಪಿ ಕೈಗೇ ಕೊಟ್ಟು ಹಾಳು ಮಾಡಿಸ್ತಿದ್ದೀರಲ್ಲ? ನಾಳೆ ಕೋರ್ಟಲ್ಲಿ ಏನಂತಾರೆ? ಮುಖ ಮುಟ್ಟಬೇಡಿ. ಮುಖ ಹೋದ್ರೆ ಎಲ್ಲಾ ಹೋಯ್ತು."

ಹಣೆಯಲ್ಲಿ ಬೆವರು. ಫ್ಯಾನು ತಿರುಗುತ್ತಲೇ ಇತ್ತು.

"ಯಾಕ್ರೀ ಅಷ್ಟು ಗಾಬರಿ?" ಅರ್ಪಿತ ಅವನ ಎದುರಿಗೆ ಹೋಗಿ ನಿಂತಳು. "ಅಂಗಿ ತೆಗೀವಾಗ ಸುಮ್ಮನಿದ್ರಿ. ಅರಿಶಿನ ಸಿಕ್ಕಾಗ ನಗ್ತಿದ್ರಿ. ಮುಖದಲ್ಲಿ ಏನಿದೆ?"

"ಏನೂ ಇಲ್ಲ."

"ಏನೂ ಇಲ್ಲದ್ದಕ್ಕೆ ಹಣೆ ಒದ್ದೆಯಾಗಲ್ಲ. ಪೆಟ್ಟಿಗೆ ಇಲ್ಲಿಂದ ಹೊರಟಾಗ ಅಸಲಿ ಇತ್ತು. ಮಳವಳ್ಳಿ ತಲುಪಿದಾಗ ನಕಲಿ. ನಡುವೆ ಇದ್ದದ್ದು ನಿಮ್ಮ ಕಾರು. ದಾರೀಲಿ ಎಲ್ಲಿ ನಿಲ್ಲಿಸಿದ್ರಿ?"

"ಎಲ್ಲೂ ಇಲ್ಲ. ಟೀ ಕುಡ್ದೆ."

"ಎಲ್ಲೂ ಇಲ್ವೋ, ಟೀ ಕುಡಿದ್ರೋ?"

ಅವನು ತುಟಿ ಕಚ್ಚಿಕೊಂಡ. "ನನ್ನ ಏನ್ ಬೇಕಾದ್ರೂ ಕೇಳಿ ಮೇಡಂ. ಆ ಮುಖ ಮಾತ್ರ ಬಿಟ್ಬಿಡಿ. ವನಜಾ ಮೇಡಂಗೋಸ್ಕರ ಹೇಳ್ತಿದೀನಿ."

ಆಹಾ, ಎಂಥ ಕಾಳಜಿ! ಕಪಾಟುಗಳು ಖಾಲಿಯಾಗುವಾಗ ಎಲ್ಲಿತ್ತು ಇದು? ಅರ್ಪಿತಳ ನೆತ್ತಿಗೆ ಏರಿತು.

"ತೆಗೀರಿ ವನಜಮ್ಮ."

ವನಜಾ ಬಾಗಿದರು. ಹತ್ತಿ ಅಕ್ಕಿಕಾಳಿಗಿಂತ ಚಿಕ್ಕದಿತ್ತು. ಗಲ್ಲದಿಂದ ಶುರು ಮಾಡಿದರು. ಮೇಲಿನ ಒರಟು ಬಣ್ಣ ಪೊರೆಯಂತೆ ಕಳಚಿ ಬಂತು. ಒಳಗಿನಿಂದ ಒಂದು ತುಟಿ ಎದ್ದು ಬಂತು. ಮೀಸೆ ಬಂತು. ಕೆನ್ನೆಯ ಏರು ಬಂತು, ಬಿಸಿಲಲ್ಲಿ ಕವಾಯತು ಮಾಡಿ ಬಂದವನ ಹಾಗೆ ಸ್ವಲ್ಪ ಕೆಂಪೇರಿ. ಅರ್ಪಿತ ಇನ್ನೂ ಬಗ್ಗಿದಳು. ನಕಲಿ ಅಂದವರು ಯಾರು ಇವನನ್ನು? ಹಸಿರು ಅಂಗಿಯವನ ಮುಖ ಹಲಗೆಯಂತಿತ್ತು. ಇವನು ಯಾರದೋ ಮಾತು ಕೇಳಿಸಿಕೊಳ್ಳುತ್ತ ನಿಂತ ಮನುಷ್ಯ. ಮಾಡಿದವರು ಯಾರೇ ಇರಲಿ, ಅವರ ಕಾಲಿಗೆ ಬೀಳಬಹುದು.

ಕಣ್ಣು ಬಂತು.

ವನಜಾರ ಕೈ ನಿಂತಿತು.

ನಿಂತದ್ದು ಮತ್ತೆ ಚಲಿಸಲಿಲ್ಲ. ಕಡ್ಡಿ ಬೆರಳಿನಿಂದ ಜಾರಿ ಮೇಜಿನ ಮೇಲೆ ಉರುಳಿತು. ಅವರು ದಪ್ಪ ಗಾಜನ್ನು ಮೇಲೆತ್ತಿದರು, ಮುಸುಕು ಇಳಿಸಿದರು, ಬರಿಗಣ್ಣಿನಲ್ಲಿ ಅವನನ್ನು ನೋಡಿದರು.

"ಏನಾಯ್ತು?"

"ಕಪ್ಪಲ್ಲ," ಎಂದರು ವನಜಾ. ದನಿ ಎಲ್ಲಿಂದಲೋ ಬಂತು. "ಕಣ್ಣಿಗೆ ಕಪ್ಪು ಬಳೀತಾರೆ ಎಲ್ಲರೂ. ಬಳಿದ್ರೆ ಬೊಂಬೆ ಬೆದರಿದಂಗೆ ಕಾಣ್ತದೆ. ನಾನು ಕಾಫಿ ಬೀಜದ ಕಂದು ಹಾಕ್ತೀನಿ. ಮ್ಯಾಲೆ ಒಂದು ಕೂದಲಿನ ತುದಿಯಷ್ಟು ಬೆಳಕು. ಎಡಗಣ್ಣಿಗೆ ಮಾತ್ರ."

ಅವರು ಸಿಪಾಯಿಯನ್ನು ಮೇಜಿನ ಮೇಲೆ ನಿಲ್ಲಿಸಿದರು.

"ಮೇಡಂ, ಇವನನ್ನ ಮಾಡಿದೋಳು ನಾನೇ."

ಶಶಿಧರ್ ಕಣ್ಣು ಮುಚ್ಚಿಕೊಂಡ. "ಅದಕ್ಕೇ ಬೇಡ ಅಂದಿದ್ದು," ಎಂದ.

ಅರ್ಪಿತ ಯಾರನ್ನು ಬಿಡಿಸಲು ಇಷ್ಟು ದೂರ ಬಂದಳೋ ಅವಳ ಕೊರಳಿಗೆ ತಾನೇ ಹಗ್ಗ ಎಳೆದಿದ್ದಳು. ಫೋನು ಇನ್ನೂ ವಿಡಿಯೋ ಮಾಡುತ್ತಿತ್ತು.

"ಯಾವಾಗ ಮಾಡಿದ್ರಿ? ಯಾಕೆ ಮುಂಚೆ ಹೇಳಲಿಲ್ಲ?"

"ಕಾಲೇಜು ಬಿಟ್ಟ ಹೊಸದರಲ್ಲಿ. ರಿಸಾಲ್ದಾರನ ಅಚ್ಚು ತೆಗೆದು ಎರಕ ಹೊಯ್ದೆ. ಗಟ್ಟಿ ಎರಕ, ಅದಕ್ಕೇ ಭಾರ. ನಕಲು ಮಾಡಿದ್ರೆ ನಕಲು ಅಂತ ಗೊತ್ತಾಗಂಗೇ ಮಾಡಬೇಕು, ಅದಕ್ಕೆ ನೀಲಿ ಅಂಗಿ ಹಾಕಿದೆ. ಯಾರಿಗೂ ಹೇಳಬೇಡ ಅಂತ ಮಾತು ತಗೊಂಡಿದ್ರು. ನೀಲಿಯೋನು ಹಸಿರಾಗಿ ಬರ್ತಾನೆ ಅಂತ ನಾನು ಕನಸಲ್ಲೂ ನೆನೆಸಿರಲಿಲ್ಲ."

"ಯಾರು ಮಾತು ತಗೊಂಡಿದ್ದು? ಯಾರಿಗೆ ಮಾಡಿಕೊಟ್ರಿ?"

ವನಜಾ ಮರಿತಾಯಮ್ಮನ ಕಡೆ ನೋಡಲಿಲ್ಲ. ನೋಡದೇ ಇದ್ದುದರಿಂದಲೇ ಅರ್ಪಿತಳಿಗೆ ಉತ್ತರ ಸಿಕ್ಕಿತು.

"ಸುಬೇದಾರ್ರಿಗೆ. ಒಬ್ಬರಿಗೆ ಕೊಡಬೇಕು, ಅಂದ್ರು."

ಸುಬೇದಾರರ ಮನೆಯಲ್ಲಿ ಅರಿಶಿನವಿಲ್ಲ. ಈ ನೀಲಿ ಅಂಗಿಯವನು ವರ್ಷ ವರ್ಷ ಪೂಜೆ ಮಾಡಿಸಿಕೊಂಡು ಬಾಳಿದ್ದು ಇನ್ನೊಂದು ಮನೆಯಲ್ಲಿ. ಎಲ್ಲರಿಗೂ ಒಟ್ಟಿಗೇ ಹೊಳೆಯಿತು.

ಮರಿತಾಯಮ್ಮ ನಿಧಾನಕ್ಕೆ ಎದ್ದರು. ಈ ಸಲ ಕುರ್ಚಿ ಬೀಳಲಿಲ್ಲ. ಸೆರಗು ಹೊದ್ದುಕೊಂಡರು.

"ಕಂಪ್ಲೇಂಟು ವಾಪಸ್ ತಗತೀನಿ ಕಣವ್ವ. ಎಲ್ ಎಬ್ಬೆಟ್ಟು ಒತ್ಬೇಕು, ಏಳು."

"ಅಜ್ಜಿ..."

"ಬೊಂಬೆ ಓಯ್ತು, ಓಗ್ಲಿ. ನಂಗ್ಯಾರ್ ಮ್ಯಾಲೂ ದೂರಿಲ್ಲ. ಬುಟ್ಬುಡು."

ನಿಟ್ಟುಸಿರು ಬಿಟ್ಟವನು ಶಶಿಧರ್. ಸಿಡಿದು ಎದ್ದವರು ವನಜಾ.

"ಏನ್ ಬಿಟ್ಬಿಡೋದು? ನೀವು ವಾಪಸ್ ತಗೊಂಡು ಬಸ್ಸು ಹತ್ತಿ ಹೋಯ್ತೀರ. ಆಮೇಲೆ ನಾನು? ಪಾಪ ಮುದುಕಮ್ಮ ದೊಡ್ಡ ಮನಸ್ಸು ಮಾಡಿ ಬಿಟ್ಲು, ಇವಳು ಕದ್ದಿದ್ದು ಮಾತ್ರ ನಿಜ ಅಂತಾರೆ. ಸಾಯೋವರ್ಗೂ ಅಂತಾರೆ." ಖಾಲಿ ಕಪಾಟಿನ ಕಡೆ ಕೈ ಬೀಸಿದರು. "ನನ್ನ ನಂಬಿ ಇನ್ನೊಬ್ಬ ಒಂದು ಸೀಸದ ನಾಯಿಮರೀನೂ ತಂದಿಡಲ್ಲ ಇಲ್ಲಿ! ಬೇಡ ಮೇಡಂ. ಕೇಸು ನಡೀಲಿ. ನಡೀರಿ, ಹತ್ತಿಸ್ಕೊಳ್ಳಿ ಜೀಪಿಗೆ. ನಾನೇ ಬತ್ತೀನಿ."

ಅವರು ಬ್ರಶ್ಶುಗಳನ್ನು ಒಂದೊಂದಾಗಿ ತೊಳೆದರು. ತುದಿಯನ್ನು ಬೆರಳಲ್ಲಿ ಚೂಪು ಮಾಡಿ ಡಬ್ಬಿಯಲ್ಲಿ ನಿಲ್ಲಿಸಿದರು. ಕಿಟಕಿ ಮುಚ್ಚಿದರು. ನೀಲಿ ಸಿಪಾಯಿಯನ್ನು ಹತ್ತಿಯಲ್ಲಿ ಸುತ್ತಿ, ಮಗುವನ್ನು ಒಪ್ಪಿಸುವವರಂತೆ ಅರ್ಪಿತಳ ಕೈಗಿಟ್ಟರು. ತಮ್ಮನ್ನು ಜೈಲಿಗೆ ಕಳಿಸುತ್ತಿರುವ ಸಾಕ್ಷಿಗೆ ತಾವೇ ಪೆಟ್ಟಾಗದಂತೆ ಮೆತ್ತೆ ಹಾಕಿದರು. ಆಮೇಲೆ ಸೆಟೆದ ಬೆನ್ನಿನಲ್ಲಿ ಹೋಗಿ ಜೀಪಿನಲ್ಲಿ ಕೂತರು.

ಬೀದಿಯಲ್ಲಿ ನಾಲ್ಕು ಜನ ನಿಂತು ನೋಡಿದರು. ನೋಡಲಿ. ಅರ್ಪಿತ ಆ ದಿನ ಆ ಬೆನ್ನಿನಷ್ಟು ನೆಟ್ಟಗಿರುವ ಇನ್ನೇನನ್ನೂ ಕಾಣಲಿಲ್ಲ.

ಮರಿತಾಯಮ್ಮ ಬಾಗಿಲಲ್ಲಿ ನಿಂತು ಆ ಬೆನ್ನನ್ನೇ ನೋಡುತ್ತಿದ್ದರು. ಅವರ ದವಡೆ ಏನನ್ನೋ ಅಗಿಯುತ್ತಿತ್ತು. ಬಾಯಲ್ಲಿ ಎಲೆಯಡಿಕೆ ಇರಲಿಲ್ಲ.

ಅರ್ಪಿತ ಕೀ ತಿರುಗಿಸಿದಳು. ಇಂಜಿನ್ನು ಗುರುಗುಟ್ಟಿತು. ಹಿಂದಿನ ಬಾಗಿಲು ದಡಾರನೆ ತೆರೆದುಕೊಂಡಿತು. ಮುದುಕಿ ಒಳಗೆ ಹತ್ತಿ ಕೂತಾಗಿತ್ತು.

"ಸ್ಟೇಸನ್ಗೆ ಆಮ್ಯಾಕ್ ಓಗುವಂತೆ," ಎಂದರು ಮರಿತಾಯಮ್ಮ. "ಈಯಮ್ಮನ್ ಕೈ ನೋಡ್ದೆ. ಇಂಥಾ ಕೈಗೆ ಕೋಳ ಬಿದ್ರೆ ನಮ್ಮೆಜಮಾನ್ರು ನನ್ನ ಮೆಚ್ಚಕಿಲ್ಲ. ಅವ್ರ ಎಸ್ರು ಏನಾರಾ ಆಗ್ಲಿ, ಬುಡು. ಜೀಪ್ನ ಚಿಕ್ಕರಸಿನಕೆರೆ ರೋಡ್ಗೆ ತಿರ್ಗುಸವ್ವ. ಅರ್ಸಿಣ ಅಚ್ಚಿದ್ ಮನೆ ಯಾವ್ದು ಅಂತ ನಂಗೊತ್ತು."

ವನಜಾ ಥಟ್ಟನೆ ಹಿಂದಕ್ಕೆ ತಿರುಗಿದರು. ಅರ್ಪಿತ ಕ್ಲಚ್ಚಿನಿಂದ ಕಾಲು ತೆಗೆಯುವಷ್ಟರಲ್ಲಿ ಯಾರೋ ಜೀಪಿನ ಮುಂದಕ್ಕೆ ಓಡಿ ಬಂದು ಎರಡೂ ಅಂಗೈಗಳನ್ನು ಬಾನೆಟ್ಟಿನ ಮೇಲೆ ಊರಿ ನಿಂತರು.

ಶಶಿಧರ್. ಮುಖದಲ್ಲಿ ರಕ್ತವಿರಲಿಲ್ಲ.

"ಅಲ್ಗೆ ಬ್ಯಾಡಿ ಮೇಡಂ." ಪೇಟೆಯ ಮಾತೆಲ್ಲ ಅವನ ಬಾಯಿಂದ ಉದುರಿ ಹೋಗಿತ್ತು. "ನಿಮ್ ಕಾಲಿಡ್ಕತೀನಿ. ನನ್ನೇ ಒಳಗಾಕಿ, ಬೊಂಬೆ ಬದ್ಲಾಯ್ಸಿದ್ದು ನಾನೇ ಅಂತ ಒಪ್ಕತೀನಿ, ಏನ್ ಬರ್ಸಿದ್ರೂ ಒಪ್ಕತೀನಿ. ಅಲ್ಗ್ ಮಾತ್ರ ಓಗ್ಬ್ಯಾಡಿ. ಆ ಮನೇಲಿರೋದು ನಮ್ಮವ್ವ."

ಹಿಂದಿನ ಸೀಟಿನಿಂದ ಮರಿತಾಯಮ್ಮನ ದನಿ ಬಂತು. ಅದರಲ್ಲಿ ಸಿಟ್ಟಿರಲಿಲ್ಲ.

"ಗೊತ್ತು ಕಣ್ ಮಗ. ನಮ್ಮೆಜಮಾನ್ರು ಆ ಮನೆಗ್ ಓಗಿ ಬತ್ತಿದ್ದುದ್ದೂ ಗೊತ್ತು. ಅದ್ಕೇ ನಾನು ಇಷ್ಟ್ ಕಾಲ ಆ ಬಾಗ್ಲು ತಟ್ಟಿರ್ನಿಲ್ಲ. ಬಾ, ನೀನೂ ಕೂತ್ಕೊ."